ಮೇಲ್ ಸರ್ವರಿಗೆ ಒಂದು ಹೆಸರು ಬೇಕಂತೆ...

"ಏನೋ, ಮೂರು ದಿನದಿಂದ ಅಂಗಡಿಗೆ ಒಂದೂ ಮೇಲ್ ಬಂದಿಲ್ವಲ್ಲೋ!"

2022ರ ಒಂದು ಬೆಳಗ್ಗೆ ಹಾಸನದಿಂದ ಸೋದರಮಾವನ ಫೋನು. ಅವರದ್ದು ಪಂಪ್‌ಸೆಟ್ ಅಂಗಡಿ. ಅಂಗಡಿಯ ಹೆಸರಿನಲ್ಲೇ ಡೊಮೈನ್ ಕೊಂಡು, 2019ರಲ್ಲಿ ಮೇಲ್ ವ್ಯವಸ್ಥೆ ಮಾಡಿಕೊಟ್ಟವನು ನಾನೇ. ಲಾಗಿನ್ ಆಗಿ ನೋಡಿದರೆ ಮೇಲ್‌ಗಳೆಲ್ಲ ಸರ್ವರಿಗೆ ಬಂದು ಬಿದ್ದಿದ್ದವು! ಅಂಗಡಿಯವರಿಗೆ ಮಾತ್ರ ಕಾಣುತ್ತಿರಲಿಲ್ಲ. ಹೋಸ್ಟಿಂಗ್ ಕಂಪನಿಯವರು ಹಳೇ ಯಂತ್ರ ತೆಗೆದುಹಾಕಿ ನಮ್ಮ ಖಾತೆಯನ್ನು ಹೊಸದಕ್ಕೆ ಸಾಗಿಸಿದ್ದರು. ನಾನೋ, ಅಂಗಡಿಯ ಒಂಬತ್ತು ಕಂಪ್ಯೂಟರು-ಫೋನುಗಳಲ್ಲೂ ಆ ಹಳೇ ಯಂತ್ರದ ಹೆಸರನ್ನೇ ತುಂಬಿಸಿಟ್ಟಿದ್ದೆ. ಆ ಮೂರು ದಿನದಲ್ಲಿ ಒಂದು ಕಾಫಿ ಎಸ್ಟೇಟಿನವರು ದರಪಟ್ಟಿ ಕೇಳಿ, ಉತ್ತರ ಬಾರದೆ ಬೇರೆ ಅಂಗಡಿಗೆ ಹೋಗಿಬಿಟ್ಟಿದ್ದರು. ಮಾವ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಬರುವ ಮೇಲ್ ಸರಿಯಾಗಿ ಬಂತು, ಓದುವುದು ಮಾತ್ರ ನಿಂತುಹೋಯಿತು. ಇದು ಯಾಕೆ ಹೀಗೆ ಅಂತ ಹುಡುಕುತ್ತಾ ಹೋದೆ. ಅದು ನನ್ನನ್ನು ಐವತ್ತು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯಿತು.

1971ರಲ್ಲಿ ಅಮೆರಿಕದ ಬಿಬಿಎನ್ ಕಂಪನಿಯ ರೇ ಟಾಮ್ಲಿನ್ಸನ್, ಅರ್ಪಾನೆಟ್ ಮೂಲಕ ಒಂದು ಯಂತ್ರದಿಂದ ಪಕ್ಕದಲ್ಲೇ ಇದ್ದ ಇನ್ನೊಂದಕ್ಕೆ ಮೇಲ್ ಕಳಿಸಿದ. 'ಆ್ಯಟ್' ಚಿಹ್ನೆ ವಿಳಾಸದ ನಡುವೆ ಬಂದದ್ದು ಆಗಲೇ. ಎಡಕ್ಕೆ ಮನುಷ್ಯನ ಹೆಸರು, ಬಲಕ್ಕೆ ಯಂತ್ರದ ಹೆಸರು. ಗಮನಿಸಿ, ಬಲಕ್ಕಿದ್ದದ್ದು ಸಂಸ್ಥೆಯ ಹೆಸರಲ್ಲ, ಯಂತ್ರದ್ದು. ಯಂತ್ರ ಬದಲಾದರೆ ವಿಳಾಸವೂ ಬದಲು.

ಯಾವ ಯಂತ್ರದ ಸಂಖ್ಯೆ ಏನು ಅನ್ನುವುದಕ್ಕೆ ಇದ್ದದ್ದು 'ಹೋಸ್ಟ್ಸ್' ಅನ್ನುವ ಒಂದೇ ಒಂದು ಫೈಲು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೀನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಬಂದರೆ ಅವರಿಗೆ ತಿಳಿಸಬೇಕು, ಅವರು ಪಟ್ಟಿಗೆ ಸೇರಿಸಬೇಕು, ಉಳಿದವರೆಲ್ಲ ಆ ಫೈಲನ್ನು ಮತ್ತೆ ಇಳಿಸಿಕೊಳ್ಳಬೇಕು. ನೆಟ್‌ವರ್ಕ್ ಬೆಳೆದಂತೆ ಇದು ಏಗುವ ಕೆಲಸವಾಗಿ ಉಳಿಯಲಿಲ್ಲ.

1983ರ ನವೆಂಬರಿನಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ವ್ಯವಸ್ಥೆಯನ್ನು ಮುಂದಿಟ್ಟರು. ಪಟ್ಟಿಯನ್ನು ಒಂದೇ ಕಡೆ ಇಡದೆ, ಅವರವರ ಡೊಮೈನ್ ಅವರವರೇ ನೋಡಿಕೊಳ್ಳುವ ಏರ್ಪಾಡು ಅದು. ಮೇಲ್‌ಗಾಗಿ ಮೊದಲು ಅದರಲ್ಲಿ ಎಂಡಿ, ಎಂಎಫ್ ಅಂತ ಎರಡು ಬಗೆಯ ದಾಖಲೆಗಳಿದ್ದವು. ಅವು ಹೆಚ್ಚು ದಿನ ಬಾಳಲಿಲ್ಲ. 1986ರ ಜನವರಿಯಲ್ಲಿ ಅವೆರಡರ ಜಾಗಕ್ಕೆ ಎಂಎಕ್ಸ್ ದಾಖಲೆ ಬಂತು. ಅದನ್ನು ಹೇಗೆ ಬಳಸಬೇಕು ಅಂತ ಆರ್‌ಎಫ್‌ಸಿ 974ರಲ್ಲಿ ಕ್ರೇಗ್ ಪಾರ್ಟ್ರಿಜ್ ವಿವರಿಸಿದರು. ಒಂದು ಡೊಮೈನಿಗೆ ಹಲವು ಸರ್ವರ್ ಹೆಸರಿಸಬಹುದು, ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಚಿಕ್ಕ ಸಂಖ್ಯೆಯದ್ದಕ್ಕೆ ಮೊದಲ ಪ್ರಯತ್ನ.

ನನ್ನ ಪ್ರಕಾರ ಇದೇ ದೊಡ್ಡ ತಿರುವು. ವಿಳಾಸಕ್ಕೂ ಯಂತ್ರಕ್ಕೂ ಇದ್ದ ಗಂಟು ಬಿಚ್ಚಿಹೋಯಿತು. ಮಾವನ ಅಂಗಡಿಗೆ ಬರುವ ಮೇಲ್ ದಾರಿ ತಪ್ಪದೇ ಇದ್ದದ್ದು ಇದರಿಂದಲೇ. ಎಂಎಕ್ಸ್ ದಾಖಲೆಯನ್ನು ಕಂಪನಿಯವರು ಹೊಸ ಯಂತ್ರದತ್ತ ತಿರುಗಿಸಿದ್ದರು ಅಷ್ಟೇ.

ಆದರೆ ಎಂಎಕ್ಸ್ ಇರುವುದು ಒಂದು ಸರ್ವರ್ ಇನ್ನೊಂದು ಸರ್ವರನ್ನು ಹುಡುಕುವುದಕ್ಕೆ. ಮೇಲ್ ಓದುವ ನಮ್ಮ ತಂತ್ರಾಂಶ ಅದನ್ನು ಕೇಳುವುದಿಲ್ಲ. ಪಾಪ್ (1984), ಐಮ್ಯಾಪ್ (1986) ಬಂದಾಗಿನಿಂದಲೂ ಸರ್ವರ್ ಹೆಸರನ್ನು ಬಳಕೆದಾರನೇ ಟೈಪ್ ಮಾಡಿ ತುಂಬಬೇಕಿತ್ತು. ಯಾವ ಹೆಸರು? 1997ರ ಅಕ್ಟೋಬರಿನಲ್ಲಿ ಬಂದ ಆರ್‌ಎಫ್‌ಸಿ 2219, ಆಗಲೇ ರೂಢಿಯಲ್ಲಿದ್ದ ಒಂದು ಪದ್ಧತಿಯನ್ನು ಬರೆದಿಟ್ಟಿತು. ಸೇವೆಯ ಹೆಸರನ್ನೇ ಡೊಮೈನಿನ ಮುಂದೆ ಇಡಿ: ವೆಬ್‌ಗೆ ಡಬ್ಲ್ಯುಡಬ್ಲ್ಯುಡಬ್ಲ್ಯು, ಹಾಗೇ ಮೇಲ್, ಪಾಪ್, ಎಫ್‌ಟಿಪಿ. ನಾಳೆ ಸೇವೆ ಬೇರೆ ಯಂತ್ರಕ್ಕೆ ಹೋದರೆ ಡಿಎನ್‌ಎಸ್‌ನಲ್ಲಿ ಒಂದು ಸಾಲು ತಿದ್ದಿದರೆ ಮುಗಿಯಿತು.

ಇಷ್ಟು ಸರಳ ಉಪಾಯ ಇದ್ದೂ ನಾನ್ಯಾಕೆ ಯಂತ್ರದ ಹೆಸರು ಹಾಕಿದೆ? ಅಲ್ಲೇ ಇರುವುದು ಮಜಾ. ಅಗ್ಗದ ಹೋಸ್ಟಿಂಗ್‌ನಲ್ಲಿ ಒಂದೇ ಯಂತ್ರದ ಮೇಲೆ ನೂರಾರು ಡೊಮೈನ್‌ಗಳಿರುತ್ತವೆ. ಗೂಢಲಿಪಿಯ ಸಂಪರ್ಕ ಕೇಳಿದಾಗ ಸರ್ವರು ತೋರಿಸುತ್ತಿದ್ದದ್ದು ಒಂದೇ ಪ್ರಮಾಣಪತ್ರ, ಅದರಲ್ಲಿ ಇದ್ದದ್ದು ಕಂಪನಿಯ ಯಂತ್ರದ ಹೆಸರು. ನಾವು 'ಮೇಲ್ ಡಾಟ್ ನಮ್ಮ ಅಂಗಡಿ' ಅಂತ ಕೊಟ್ಟರೆ "ಹೆಸರು ಹೊಂದುತ್ತಿಲ್ಲ" ಅನ್ನುವ ಎಚ್ಚರಿಕೆ. ಯಾವ ಹೆಸರಿಗೆ ಯಾವ ಪ್ರಮಾಣಪತ್ರ ಅಂತ ಮೊದಲೇ ಕೇಳಿಕೊಳ್ಳುವ ಎಸ್‌ಎನ್‌ಐ ವಿಧಾನ 2003ರಲ್ಲೇ ಬರಹಕ್ಕೆ ಬಂದಿತ್ತು. 2015ರ ಡಿಸೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಲ್ಲರಿಗೂ ಉಚಿತ ಪ್ರಮಾಣಪತ್ರ ಕೊಡತೊಡಗಿತು. ಆದರೂ 2019ರಲ್ಲಿ ನನಗೆ ಸಪೋರ್ಟ್‌ನಿಂದ ಬಂದ ಉತ್ತರ, "ಸರ್ವರಿನ ಹೆಸರನ್ನೇ ಹಾಕಿ ಸರ್". ಹಾಕಿದೆ, ಎಚ್ಚರಿಕೆ ಮಾಯವಾಯಿತು. 1986ರಲ್ಲಿ ಬಿಚ್ಚಿದ್ದ ಗಂಟನ್ನು ನಾನೇ ಮತ್ತೆ ಬಿಗಿದಿದ್ದೆ! ಬಾಡಿಗೆ ಮನೆಯ ವಿಳಾಸವನ್ನು ಅಂಗಡಿ ಬೋರ್ಡಿನ ಮೇಲೆ ಬರೆಸಿದ ಹಾಗೆ.

ಹೆಸರು ತುಂಬುವ ತೊಂದರೆಯನ್ನೇ ತಪ್ಪಿಸುವ ಪ್ರಯತ್ನಗಳೂ ನಡೆದಿವೆ. 2009ರ ಥಂಡರ್‌ಬರ್ಡ್ 3 ಸೆಟ್ಟಿಂಗ್‌ಗಳನ್ನು ತಾನೇ ಹುಡುಕುತ್ತಿತ್ತು. 2011ರಲ್ಲಿ ಆರ್‌ಎಫ್‌ಸಿ 6186 ಇದನ್ನು ಡಿಎನ್‌ಎಸ್‌ನಲ್ಲೇ ಬರೆದಿಡುವ ದಾರಿ ತೋರಿಸಿತು. ಆದರೆ ಎಲ್ಲ ತಂತ್ರಾಂಶಗಳೂ ಅದನ್ನು ಪಾಲಿಸುವುದಿಲ್ಲ.

ಆ ಭಾನುವಾರ ಹಾಸನಕ್ಕೆ ಹೋದೆ. ಅಂಗಡಿಯ ಡೊಮೈನಿಗೆ 'ಮೇಲ್' ಅಂತ ಒಂದು ಉಪಡೊಮೈನ್ ಮಾಡಿ ಹೊಸ ಸರ್ವರಿನ ಐಪಿ ಸಂಖ್ಯೆಗೆ ಕಟ್ಟಿದೆ. ಎಂಎಕ್ಸ್ ಅನ್ನೂ ಅದೇ ಹೆಸರಿಗೆ ತೋರಿಸಿದೆ. (ಎಂಎಕ್ಸ್ ತೋರಿಸುವ ಹೆಸರು ಇನ್ನೊಂದರ ಅಡ್ಡಹೆಸರಾಗಿರಬಾರದು ಅಂತ 1997ರ ಆರ್‌ಎಫ್‌ಸಿ 2181 ಹೇಳುತ್ತದೆ, ಅದಕ್ಕೇ ನೇರ ಐಪಿ.) ಆ ಹೆಸರಿಗೆ ಪ್ರಮಾಣಪತ್ರ ಪಡೆದು, ಒಂಬತ್ತೂ ಕಡೆ ಸೆಟ್ಟಿಂಗ್ ಬದಲಿಸಿದೆ. ಪೂರ್ತಿ ಮಧ್ಯಾಹ್ನ ಹಿಡಿಯಿತು. ಅತ್ತೆ ಮಾಡಿದ ಅಕ್ಕಿರೊಟ್ಟಿ ಆರಿಹೋಗಿತ್ತು.

2024ರಲ್ಲಿ ಹೋಸ್ಟಿಂಗ್ ಕಂಪನಿಯನ್ನೇ ಬದಲಿಸಿದೆ. ಹಿಂದಿನ ದಿನವೇ ಟಿಟಿಎಲ್ ಇಳಿಸಿಟ್ಟು, ಪಾಸ್‌ವರ್ಡ್‌ಗಳನ್ನು ಅವೇ ಇಟ್ಟು, ಹಳೇ ಮೇಲ್‌ಗಳನ್ನು ನಕಲು ಮಾಡಿ, ರಾತ್ರಿ ಹನ್ನೊಂದಕ್ಕೆ ಆ ಒಂದು ಸಾಲು ತಿದ್ದಿದೆ. ಮರುದಿನವಿಡೀ ಫೋನು ಪಕ್ಕದಲ್ಲೇ ಇಟ್ಟುಕೊಂಡು ಕಾದೆ. ಮಾವ ಫೋನ್ ಮಾಡಿದ್ದು ಸಂಜೆ, "ಊರಿಗೆ ಯಾವಾಗ ಬರ್ತೀಯೋ?" ಅಂತ ಕೇಳಲು!

ನಿಮ್ಮದೂ ಸ್ವಂತ ಡೊಮೈನ್ ಇದ್ದರೆ, ಒಮ್ಮೆ ಫೋನಿನ ಮೇಲ್ ಸೆಟ್ಟಿಂಗ್ ತೆಗೆದು ನೋಡಿ. ಅಲ್ಲಿ ಯಾರ ಹೆಸರಿದೆ?