ತಾರಸಿಗೆ ಹತ್ತುವ ಹ್ಯಾಚ್ ಆರಿಸುವಾಗ ಏನು ನೋಡಬೇಕು? 5 ನಂಬಿಕೆಗಳು ಮತ್ತು ವಾಸ್ತವ

‘ಬೆಂಕಿ ಬಿದ್ದರೆ ಸೀದಾ ತಾರಸಿಗೆ ಓಡಿ’, ‘ತಾರಸಿ ಬಾಗಿಲಿಗೆ ದೊಡ್ಡ ಬೀಗ ಹಾಕಿದರೆ ಕಳ್ಳರ ಭಯವಿಲ್ಲ’. ಮನೆ, ಅಪಾರ್ಟ್‌ಮೆಂಟ್ ಗುಂಪುಗಳಲ್ಲಿ ಇಂಥ ಸಲಹೆಗಳು ಆಗಾಗ ಬರುತ್ತಲೇ ಇರುತ್ತವೆ. ಈ ಎರಡನ್ನೂ ಒಟ್ಟಿಗೆ ಪಾಲಿಸಿದರೆ ಏನಾಗುತ್ತದೆ? ಓಡಿ ಹೋದವರು ಬೀಗ ಹಾಕಿದ ಬಾಗಿಲಿನ ಮುಂದೆ ನಿಲ್ಲಬೇಕಾಗುತ್ತದೆ.

ಮೆಟ್ಟಿಲಿಗೆ ಹೆಡ್‌ರೂಮ್ ಕಟ್ಟಲು ಜಾಗವಿಲ್ಲದ ಕಡೆ ಛಾವಣಿಯಲ್ಲೇ ಒಂದು ಕಿಂಡಿ ಬಿಟ್ಟು, ಅದಕ್ಕೆ ಮೇಲಕ್ಕೆ ತೆರೆಯುವ ಮುಚ್ಚಳ ಕೂರಿಸುತ್ತಾರೆ. ಇದೇ ರೂಫ್ ಹ್ಯಾಚ್. ಟ್ಯಾಂಕ್ ತೊಳೆಯುವವರು, ಸೋಲಾರ್ ಮತ್ತು ಡಿಶ್ ರಿಪೇರಿಯವರು, ಅಗ್ನಿಶಾಮಕ ಸಿಬ್ಬಂದಿ ಹತ್ತಿ ಇಳಿಯುವುದು ಇದರಲ್ಲೇ. ಇದರ ಬಗ್ಗೆ ಇರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ಬೆಂಕಿ ಬಿದ್ದಾಗ ತಾರಸಿಯೇ ಸುರಕ್ಷಿತ

ವಾಸ್ತವ: ಇದು ದಾರಿ ತಪ್ಪಿಸುವ ಸಲಹೆ. ಬಿಸಿ ಹೊಗೆ ಮೇಲಕ್ಕೇ ಹೋಗುತ್ತದೆ. ಮೆಟ್ಟಿಲಿನ ಜಾಗ ಆಗ ಚಿಮಣಿಯಂತೆ ಕೆಲಸ ಮಾಡುತ್ತದೆ. ಮೇಲೆ ಹತ್ತುವವರು ಹೊಗೆಯ ಜೊತೆಗೇ ಹತ್ತುತ್ತಿರುತ್ತಾರೆ. ಮುಚ್ಚಳ ಮುಚ್ಚಿದ್ದರೆ ಹೊಗೆ ಮೊದಲು ತುಂಬಿಕೊಳ್ಳುವುದು ಅದರ ಕೆಳಗೇ.

ಮೆಟ್ಟಿಲಿನಲ್ಲಿ ಹೊಗೆ ಇಲ್ಲದಿದ್ದರೆ ಕೆಳಗಿಳಿದು ಹೊರಗೆ ಬರುವುದೇ ಮೊದಲ ಆಯ್ಕೆ. ಲಿಫ್ಟ್ ಬಳಸಬಾರದು. ಮೆಟ್ಟಿಲಿನಲ್ಲಿ ಹೊಗೆ ತುಂಬಿದ್ದರೆ ಮನೆಯೊಳಗೇ ಇದ್ದು, ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯ ಬಳಿ ನಿಂತು 101 ಅಥವಾ 112ಕ್ಕೆ ಕರೆ ಮಾಡಬೇಕು. ಕೆಳಗಿನ ದಾರಿ ಮುಚ್ಚಿಹೋಗಿ, ಮೇಲಿನ ದಾರಿ ಮಾತ್ರ ಹೊಗೆಯಿಲ್ಲದೆ ತೆರೆದಿದ್ದರೆ ಆಗ ತಾರಸಿ ಉಪಯೋಗಕ್ಕೆ ಬರುತ್ತದೆ. ಅಂದರೆ ತಾರಸಿ ಕೊನೆಯ ದಾರಿ, ಮೊದಲನೆಯದಲ್ಲ.

ನಂಬಿಕೆ 2: ಬೀಗ ಹಾಕಿದರೆ ಸುರಕ್ಷಿತ

ವಾಸ್ತವ: ಕೊನೆಯ ದಾರಿಯೂ ಒಮ್ಮೊಮ್ಮೆ ಬೇಕಾಗುತ್ತದೆ. 2010ರ ಮಾರ್ಚ್ 23ರಂದು ಕೋಲ್ಕತ್ತದ ಪಾರ್ಕ್ ಸ್ಟ್ರೀಟ್‌ನ ಸ್ಟೀಫನ್ ಕೋರ್ಟ್ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಜನ ಸತ್ತರು. ತಾರಸಿಯ ಬಾಗಿಲಿಗೆ ಬೀಗ ಹಾಕಿದ್ದರಿಂದ ಹಲವರು ಮೆಟ್ಟಿಲಿನಲ್ಲೇ ಸಿಕ್ಕಿಕೊಂಡರು ಎಂದು ಆಗ ವರದಿಯಾಗಿತ್ತು. ಅದಕ್ಕೆ ಸರಿಯಾಗಿ ಒಂದು ತಿಂಗಳ ಮೊದಲು, ಫೆಬ್ರವರಿ 23ರಂದು, ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ 9 ಜನ ಪ್ರಾಣ ಕಳೆದುಕೊಂಡರು. ಕೆಲವರು ಉಸಿರುಗಟ್ಟಿ, ಇನ್ನು ಕೆಲವರು ಕಿಟಕಿಯಿಂದ ಹಾರಿ.

ಕಳ್ಳರ ಭಯ ಸುಳ್ಳಲ್ಲ. ಆದರೆ ಕಳ್ಳ ಬರುವುದು ಹೊರಗಿನಿಂದ, ತಪ್ಪಿಸಿಕೊಳ್ಳಬೇಕಾದವರು ಇರುವುದು ಒಳಗೆ. ಆದ್ದರಿಂದ ಹೊರಗಿನಿಂದ ತೆರೆಯಲಾಗದ, ಒಳಗಿನಿಂದ ಮಾತ್ರ ಕೀಲಿಯಿಲ್ಲದೆ ಒಂದೇ ಕೈಯಲ್ಲಿ ತೆರೆಯುವ ಚಿಲಕ ಅಥವಾ ಹ್ಯಾಂಡಲ್ ಇರುವ ಹ್ಯಾಚ್ ಆರಿಸಿ. ಮಕ್ಕಳು ಹತ್ತುತ್ತಾರೆ ಎಂಬ ಚಿಂತೆ ಇದ್ದರೆ ಚಿಲಕವನ್ನು ಅವರ ಕೈಗೆ ಸಿಗದ ಎತ್ತರದಲ್ಲಿ ಇಡಿಸಬಹುದು.

ನಂಬಿಕೆ 3: ದಪ್ಪ ಕಬ್ಬಿಣದ ಮುಚ್ಚಳವೇ ಗಟ್ಟಿ

ವಾಸ್ತವ: ಸಣ್ಣ ಲೆಕ್ಕ ಮಾಡೋಣ. 75 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದ, 3 ಮಿ.ಮೀ. ದಪ್ಪದ ಕಬ್ಬಿಣದ ಶೀಟ್ ಸುಮಾರು 16 ಕೆ.ಜಿ. ತೂಗುತ್ತದೆ. ಸುತ್ತಲಿನ ಆ್ಯಂಗಲ್ ಸೇರಿದರೆ ಇನ್ನೂ ಹೆಚ್ಚು. ಅದೇ ಅಳತೆಯ ಅಲ್ಯೂಮಿನಿಯಂ ಶೀಟ್ ಸುಮಾರು 5.5 ಕೆ.ಜಿ. ಮಾತ್ರ. ಏಣಿಯ ಮೇಲೆ ನಿಂತು, ಒಂದು ಕೈಯಲ್ಲಿ ಏಣಿ ಹಿಡಿದು, ಇನ್ನೊಂದರಲ್ಲಿ ಈ ಭಾರ ಎತ್ತಬೇಕು ಎಂಬುದನ್ನು ಮರೆಯಬಾರದು. ಗಾಳಿಗೆ ಮುಚ್ಚಳ ಧಡಾರನೆ ಬಿದ್ದರೆ ತಲೆಗೆ, ಬೆರಳಿಗೆ ಪೆಟ್ಟು.

ಹಾಗಾಗಿ ಎರಡು ಭಾಗಗಳನ್ನು ಕೇಳಿ ಪಡೆಯಿರಿ. ಒಂದು, ಎತ್ತಲು ನೆರವಾಗುವ ಸ್ಪ್ರಿಂಗ್ ಅಥವಾ ಗ್ಯಾಸ್ ಸ್ಪ್ರಿಂಗ್. ಇನ್ನೊಂದು, ತೆರೆದ ಮುಚ್ಚಳ ತಾನಾಗಿ ಮುಚ್ಚಿಕೊಳ್ಳದಂತೆ ಹಿಡಿದಿಡುವ ಲಾಕಿಂಗ್ ಆರ್ಮ್. ಮಂಗಳೂರು, ಕಾರವಾರದಂಥ ಕರಾವಳಿ ಊರುಗಳಲ್ಲಿ ಉಪ್ಪುಗಾಳಿಗೆ ಸಾದಾ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಕೀಲು ತುಕ್ಕು ಹಿಡಿದ ಹ್ಯಾಚ್ ಬೇಕಾದಾಗ ತೆರೆಯುವುದಿಲ್ಲ. ಅಲ್ಲಿ ಅಲ್ಯೂಮಿನಿಯಂ ಮುಚ್ಚಳ, ಸ್ಟೇನ್‌ಲೆಸ್ ಸ್ಟೀಲ್ ಕೀಲು ಒಳ್ಳೆಯದು.

ನಂಬಿಕೆ 4: ಪಾರದರ್ಶಕ ಶೀಟ್ ಹಾಕಿದರೆ ಬೆಳಕೂ ಬರುತ್ತದೆ, ದಾರಿಯೂ ಆಗುತ್ತದೆ

ವಾಸ್ತವ: ಬೆಳಕಿಂಡಿ ಬೇರೆ, ಹ್ಯಾಚ್ ಬೇರೆ. ಅಗ್ಗದ ಪ್ಲಾಸ್ಟಿಕ್ ಶೀಟ್‌ಗಳು ಬಿಸಿಲಿಗೆ ವರ್ಷಗಳು ಕಳೆದಂತೆ ಪೆಡಸಾಗುತ್ತವೆ. ನೋಡಲು ಗಟ್ಟಿಯಾಗಿಯೇ ಇರುತ್ತವೆ, ಕಾಲಿಟ್ಟರೆ ಒಡೆಯುತ್ತವೆ. ಬೆಳಕು ಬೇಕೇಬೇಕೆಂದರೆ ಮನುಷ್ಯನ ಭಾರ ತಡೆಯುವ ಶೀಟ್ ಆರಿಸಿ, ಅದರ ಕೆಳಗೆ ಮುಚ್ಚಳದ ಜೊತೆಗೇ ಏಳುವ ಗ್ರಿಲ್ ಹಾಕಿಸಿ.

ನಂಬಿಕೆ 5: ಲೋಹದ ಮುಚ್ಚಳ ಸಿಡಿಲನ್ನು ಸೆಳೆಯುತ್ತದೆ

ವಾಸ್ತವ: ಲೋಹ ಎಂಬ ಕಾರಣಕ್ಕೆ ಸಿಡಿಲು ಹುಡುಕಿಕೊಂಡು ಬರುವುದಿಲ್ಲ. ಎತ್ತರ, ಮೊನಚಾದ ಆಕಾರ, ಒಂಟಿಯಾಗಿ ನಿಂತಿರುವುದು ಮುಖ್ಯ ಕಾರಣಗಳು. ತಾರಸಿಗೆ ಅಂಟಿಕೊಂಡಂತಿರುವ ಮುಚ್ಚಳಕ್ಕಿಂತ ಅದರ ಪಕ್ಕದ ಟ್ಯಾಂಕೇ ಎತ್ತರ. ಕಟ್ಟಡಕ್ಕೆ ಸಿಡಿಲು ರಕ್ಷಕ ಇದ್ದರೆ ಹ್ಯಾಚ್‌ನ ಫ್ರೇಮನ್ನೂ ಅದಕ್ಕೆ ಜೋಡಿಸಬೇಕೇ ಎಂದು ಎಲೆಕ್ಟ್ರಿಷಿಯನ್ ಬಳಿ ಕೇಳಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಮುಚ್ಚಳ ಯಾವುದೇ ಇರಲಿ, ತಾರಸಿಗೆ ಹೋಗಬಾರದು.

ಹಾಗಾದರೆ ಕೊಳ್ಳುವ ಮುನ್ನ ಏನು ನೋಡಬೇಕು?

ಅಳತೆ: ಏಣಿ ಹತ್ತಿ ಹೋಗುವ ಹ್ಯಾಚ್‌ಗೆ ಎರಡೂವರೆ ಅಡಿ × 3 ಅಡಿ ಸಾಮಾನ್ಯ ಅಳತೆ. ಅಮೆರಿಕದ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆ 4 ಅಥವಾ ಹೆಚ್ಚು ಅಂತಸ್ತಿನ ಕಟ್ಟಡಗಳಲ್ಲಿ ಮೆಟ್ಟಿಲಿನಿಂದ ತಾರಸಿಗೆ ಹೋಗುವ ಹ್ಯಾಚ್ ಕನಿಷ್ಠ 16 ಚದರ ಅಡಿ ಇರಬೇಕು, ಯಾವ ಬದಿಯೂ 2 ಅಡಿಗಿಂತ ಕಡಿಮೆ ಇರಬಾರದು ಎನ್ನುತ್ತದೆ. ನಮ್ಮಲ್ಲಿ ಸ್ಥಳೀಯ ಸಂಸ್ಥೆಯ ನಿಯಮವನ್ನು ಎಂಜಿನಿಯರ್ ಬಳಿ ಖಚಿತಪಡಿಸಿಕೊಳ್ಳಿ.

ಕಟ್ಟೆ: ಕಿಂಡಿಯ ಸುತ್ತ ಸುಮಾರು 1 ಅಡಿ ಎತ್ತರದ ಕಟ್ಟೆ ಇರಲಿ. ಮುಚ್ಚಳದ ಅಂಚು ಕಟ್ಟೆಯ ಹೊರಗೆ ಇಳಿದಿರಬೇಕು, ನಡುವೆ ರಬ್ಬರ್ ಪಟ್ಟಿ ಇರಬೇಕು. ಇಲ್ಲದಿದ್ದರೆ ಮಳೆನೀರು ಒಳಗೆ ಇಳಿಯುತ್ತದೆ.

ಏಣಿ: ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಏಣಿಯೇ ಲೇಸು. ಒರಗಿಸುವ ಏಣಿಯಾದರೆ 4 ಅಡಿ ಎತ್ತರಕ್ಕೆ 1 ಅಡಿಯಂತೆ ಬುಡವನ್ನು ಹೊರಗಿಡಬೇಕು. ತಾರಸಿಯ ಮಟ್ಟದಿಂದ ಸುಮಾರು 3 ಅಡಿ ಮೇಲಕ್ಕೆ ಹಿಡಿದುಕೊಳ್ಳಲು ಆಸರೆ ಇರಬೇಕು. ಜನ ಜಾರುವುದು ಹೆಚ್ಚಾಗಿ ಏಣಿಯಿಂದ ತಾರಸಿಗೆ ಕಾಲಿಡುವ ಆ ಕೊನೆಯ ಹೆಜ್ಜೆಯಲ್ಲೇ.

ಕಂಬಿ: ತೆರೆದ ಹ್ಯಾಚ್ ಎಂದರೆ ನೆಲದಲ್ಲಿರುವ ಗುಂಡಿ. ಟ್ಯಾಂಕ್ ತೊಳೆಯುವವರು ಹಿಂದಕ್ಕೆ ಹೆಜ್ಜೆ ಇಟ್ಟರೆ ಬೀಳುತ್ತಾರೆ. ಮೂರು ಬದಿಗೆ ಕಂಬಿ, ನಾಲ್ಕನೆಯದಕ್ಕೆ ತಾನಾಗಿ ಮುಚ್ಚುವ ಗೇಟ್ ಹಾಕಿಸಿ. ಸೊಂಟದ ಎತ್ತರ, ಅಂದರೆ ಸುಮಾರು ಮೂರೂವರೆ ಅಡಿ ಇರಲಿ.

ಈಗಾಗಲೇ ಹ್ಯಾಚ್ ಅಥವಾ ತಾರಸಿ ಬಾಗಿಲು ಇರುವವರು ಇವತ್ತೇ ಒಮ್ಮೆ ಹತ್ತಿ ನೋಡಿ. ಕೀಲಿ ಇಲ್ಲದೆ, ಒಂದೇ ಕೈಯಲ್ಲಿ ತೆರೆಯಿತೇ? ಏಣಿ ಅಲುಗಾಡಿತೇ? ದಾರಿಯಲ್ಲಿ ಹಳೇ ಸಾಮಾನು, ಗ್ಯಾಸ್ ಸಿಲಿಂಡರ್ ಇದೆಯೇ? ಅಪಾರ್ಟ್‌ಮೆಂಟ್ ಗುಂಪಿಗೆ ಏನನ್ನಾದರೂ ಫಾರ್ವರ್ಡ್ ಮಾಡುವುದಿದ್ದರೆ ಈ ಮೂರು ಪ್ರಶ್ನೆಗಳನ್ನು ಮಾಡಿ.