ಅರ್ಧಬಲದ ನಿಯಮ: ಬಲಸಾಧಕರ ಬೆನ್ನಿನ ಚರಿತ್ರೆ

ಬಲವು ತೋಳಿನಲ್ಲಿದೆಯೆಂದು ನೋಡುವವರು ತಿಳಿಯುತ್ತಾರೆ. ಅದು ನಡುವಿನಲ್ಲಿದೆಯೆಂದು ಗರಡಿಯ ಮಣ್ಣು ಮುಟ್ಟಿದವನು ಬಲ್ಲನು. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲನ್ನು ಹೆಗಲಿಗೇರಿಸುವ ಹಳ್ಳಿಯ ಪೈಲವಾನನಾಗಲಿ, ನೂರಾರು ಕಿಲೋ ಕಬ್ಬಿಣವನ್ನು ಹೊತ್ತು ಬಸ್ಕಿ ಹೊಡೆಯುವ ಇಂದಿನ ಸ್ಪರ್ಧಾಳುವಾಗಲಿ, ಕೈಕಾಲುಗಳ ಶಕ್ತಿಯನ್ನು ಒಂದುಗೂಡಿಸಬೇಕಾದರೆ ಅದು ಸೊಂಟದ ಐದು ಬೆನ್ನುಮಣಿಗಳನ್ನು ಹಾದೇ ಹೋಗಬೇಕು. ಆದಕಾರಣ ಬಲಸಾಧನೆಯ ಚರಿತ್ರೆಯು ಒಂದರ್ಥದಲ್ಲಿ ಬೆನ್ನಿನ ಚರಿತ್ರೆಯೇ ಆಗಿದೆ. ಗೆದ್ದವರ ದಾಖಲೆಗಳು ಪುಸ್ತಕಗಳಲ್ಲಿ ಉಳಿದುಬಂದಿವೆ. ಬೆನ್ನು ನೊಂದು ಮಲಗಿದವರು ಮತ್ತೆ ಎದ್ದದ್ದು ಹೇಗೆ, ಅವರಿಗೆ ಏಳುವ ದಾರಿಯನ್ನು ತೋರಿದವರು ಯಾರು ಎಂಬುದು ಅಷ್ಟೇ ವಿಚಾರಾರ್ಹವಾದ ವಿಷಯ.

ಈ ಚರಿತ್ರೆಯನ್ನು ಪರಿಶೀಲಿಸಿದರೆ, ಒಂದಕ್ಕೊಂದು ಬಹು ದೂರವಾದ ಮೂರು ಸಂದರ್ಭಗಳಲ್ಲಿ ಒಂದೇ ಅಳತೆಯು ಕಾಣಬರುತ್ತದೆ. ಆ ಅಳತೆಯೇ ಅರ್ಧ. ಅದರ ಅರ್ಥವು ಮೂರು ಕಡೆಯೂ ಒಂದೇ ಅಲ್ಲ. ಆದರೆ ಅದರ ಹಿಂದಿರುವ ವಿವೇಕವು ಒಂದೇ ಜಾತಿಯದು.

ಮೊದಲನೆಯ ಸಂದರ್ಭ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ೨೪ನೆಯ ಅಧ್ಯಾಯ. ಇನ್ನೂ ಬಾರದ ರೋಗವನ್ನು ಬಾರದಂತೆ ತಡೆಯುವ ಉಪಾಯಗಳನ್ನು ಹೇಳುವುದೇ ಈ ಅಧ್ಯಾಯದ ಉದ್ದೇಶ. ಅಲ್ಲಿ ವ್ಯಾಯಾಮವನ್ನು ಬಹುವಾಗಿ ಹೊಗಳಿ, ಅದನ್ನು ನಿತ್ಯವೂ ಮಾಡಬೇಕೆಂದು ವಿಧಿಸಿ, ಕೂಡಲೇ ಒಂದು ಮಿತಿಯನ್ನೂ ಹಾಕಿದೆ: ತನ್ನ ಬಲದ ಅರ್ಧವನ್ನು ಮಾತ್ರ ಅದರಲ್ಲಿ ವ್ಯಯಿಸಬೇಕು. ಅರ್ಧವನ್ನು ಅಳೆಯಲು ತೂಕದ ಕಲ್ಲುಗಳಿಲ್ಲ, ದೇಹವೇ ತಕ್ಕಡಿ. ಹೃದಯದಲ್ಲಿರುವ ವಾಯುವು ಬಾಯಿಗೆ ಬಂದಾಗ, ಎಂದರೆ ಸಾಧಕನು ಬಾಯಿಂದ ಉಸಿರಾಡತೊಡಗಿದಾಗ, ಅರ್ಧಬಲವು ಮುಗಿಯಿತೆಂದು ತಿಳಿಯಬೇಕು. ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರ ಇವೆಲ್ಲವನ್ನೂ ನೋಡಿ ವ್ಯಾಯಾಮ ಮಾಡಬೇಕೆಂದೂ, ಇಲ್ಲವಾದರೆ ರೋಗ ತಪ್ಪದೆಂದೂ ಅಲ್ಲಿ ಹೇಳಿದೆ. ಮುಂದೆ ವಾಗ್ಭಟನು ಈ ಅರ್ಧಬಲವನ್ನು ಕೂಡ ಬಲಿಷ್ಠರಿಗೆ, ಜಿಡ್ಡಿನ ಆಹಾರ ಉಣ್ಣುವವರಿಗೆ, ಶೀತಕಾಲ ಮತ್ತು ವಸಂತಗಳಿಗೆ ಮೀಸಲಾಗಿಟ್ಟನು. ಅತಿವ್ಯಾಯಾಮ ಮಾಡುವವನನ್ನು ಆನೆಯನ್ನು ಎಳೆಯಹೋದ ಸಿಂಹಕ್ಕೆ ಅವನು ಹೋಲಿಸುತ್ತಾನೆ. ಸಿಂಹವು ದುರ್ಬಲವೆಂದಲ್ಲ, ಅದು ತನ್ನ ಅಳತೆಯನ್ನು ಮರೆಯಿತು.

ಇದು ವೈದ್ಯರ ಮಾತು. ಮಲ್ಲರ ಕಡೆಯಿಂದ ದೊರೆಯುವ ಸಾಕ್ಷ್ಯಗಳಲ್ಲಿ ಕನ್ನಡ ನಾಡಿನದು ಮಹತ್ತ್ವದ್ದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವಿದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗೆ ಅನುಗುಣವಾಗಿ ವರ್ಗೀಕರಿಸುವ ಕ್ರಮ, ಅವರು ಮಾಡಬೇಕಾದ ಶ್ರಮಗಳು, ಅವರಿಗೆ ಅರಮನೆಯಿಂದ ಒದಗಿಸಬೇಕಾದ ಬೇಳೆಕಾಳು, ಮಾಂಸ, ಹಾಲು, ಸಿಹಿತಿನಿಸುಗಳು ಇವೆಲ್ಲವನ್ನೂ ಅಲ್ಲಿ ಹೇಳಿದೆ. ಸಾಧನೆಯ ಹೆಸರುಗಳಿವೆ, ಅವುಗಳ ವಿವರಣೆಯಿಲ್ಲ. ಅದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಆ ವಿವರಣೆಯು ಗ್ರಂಥದಲ್ಲಿರಲಿಲ್ಲ, ಉಸ್ತಾದನ ಕೈಯಲ್ಲಿತ್ತು. ಮೈಸೂರಿನ ಜಟ್ಟಿಗಳ ಸಂಪ್ರದಾಯವು ಇದನ್ನು ಸಮರ್ಥಿಸುತ್ತದೆ. ಎಡ್ಗರ್ ಥರ್ಸ್ಟನ್ನರು ೧೯೦೯ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಗ್ರಂಥಮಾಲೆಯಲ್ಲಿ ಜಟ್ಟಿಗಳನ್ನು ಮಲ್ಲರೆಂದು ವರ್ಣಿಸಿದ್ದಲ್ಲದೆ, ನರನೋವು ಮೊದಲಾದವುಗಳಿಗೆ ಅಂಗಮರ್ದನ ಮಾಡಿ ಲೇಪ ತಿಕ್ಕುವವರೆಂದೂ ಹೇಳಿದ್ದಾರೆ. ಕಾಳಗ ಕಲಿಸಿದ ಕೈಯೇ ನೋವನ್ನೂ ನೀವುತ್ತಿತ್ತು. ತರಬೇತಿಗೂ ಚಿಕಿತ್ಸೆಗೂ ನಡುವೆ ಗೋಡೆ ಇರಲಿಲ್ಲ.

ಪಶ್ಚಿಮದಲ್ಲಿ ೧೯ನೆಯ ಶತಮಾನದಲ್ಲಿ ಆ ಗೋಡೆ ಎದ್ದಿತು. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ನರು ವಿಶ್ರಾಂತಿ ಮತ್ತು ನೋವನ್ನು ಕುರಿತ ತಮ್ಮ ಉಪನ್ಯಾಸಗಳನ್ನು ೧೮೬೩ರಲ್ಲಿ ಪ್ರಕಟಿಸಿದರು. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸರು ಮೂಳೆ ಕೀಲುಗಳ ರೋಗಕ್ಕೆ ಬಿಡುವಿಲ್ಲದ ದೀರ್ಘ ವಿಶ್ರಾಂತಿಯೇ ಮದ್ದೆಂದು ಸಾರಿದರು. ಮುರಿದ ತೊಡೆಯೆಲುಬಿಗೂ ಕ್ಷಯ ಹತ್ತಿದ ಕೀಲಿಗೂ ಆ ಮಾತು ಸಲ್ಲುವಂಥದೇ. ಆದರೆ ಕಾಲಕ್ರಮದಲ್ಲಿ ಅದು ಎಲ್ಲ ಬೆನ್ನುನೋವಿಗೂ ಹಬ್ಬಿತು. ೧೯೩೪ರಲ್ಲಿ ಬಾಸ್ಟನ್ನಿನ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ ಎಂಬ ವೈದ್ಯರಿಬ್ಬರು, ಬೆನ್ನುಮಣಿಗಳ ನಡುವಣ ಮೆತ್ತೆಯಾದ ಡಿಸ್ಕು ಒಡೆದು ನರವನ್ನು ಒತ್ತುವುದರಿಂದ ಕಾಲಿಗೆ ಇಳಿಯುವ ನೋವು ಉಂಟಾಗುವುದೆಂದು ತೋರಿಸಿದರು. ಇದು ದೊಡ್ಡ ಶೋಧ. ಆದರೆ ಬೆನ್ನೆಂಬುದು ಸುಲಭವಾಗಿ ಒಡೆಯುವ ವಸ್ತುವೆಂಬ ಭಯವೂ ಅದರ ಬೆನ್ನಿಗೇ ಬಂದಿತು. ಭಾರ ಎತ್ತುವವನ ಸೊಂಟ ಹಿಡಿದರೆ ವೈದ್ಯನ ಆಜ್ಞೆ ಎರಡು ಮಾತಿನದು: ಮಲಗು, ಇನ್ನು ಎತ್ತಬೇಡ.

ಅದೇ ದಶಕಗಳಲ್ಲಿ ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರು ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದರು. ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳ ಕರ್ತೃವಾಗಿ ಕನ್ನಡಿಗರು ಅವರನ್ನು ಬಲ್ಲರು. ಅವರು ಪಶ್ಚಿಮದ ಬಾರ್ಬೆಲ್ ಸಾಧನೆಯನ್ನು ಸ್ವೀಕರಿಸಿದರೂ ಸೂರ್ಯನಮಸ್ಕಾರವನ್ನೂ ಆಸನಗಳನ್ನೂ ಬಿಟ್ಟುಕೊಡಲಿಲ್ಲ. ಭಾರವು ಸ್ನಾಯುವನ್ನು ಬೆಳೆಸಿದರೆ ನಮಸ್ಕಾರವು ಬೆನ್ನನ್ನು ಬಾಗಿಸಿ ಚಾಚಿಸುತ್ತಿತ್ತು. ವೈದ್ಯಕೀಯವು ಭಾರವನ್ನು ಶಂಕಿಸುತ್ತಿದ್ದ ಕಾಲದಲ್ಲಿ ವ್ಯಾಯಾಮಶಾಲೆಯು ಭಾರವನ್ನೂ ಆರೋಗ್ಯವನ್ನೂ ಒಂದೇ ಸೂರಿನಡಿ ಇರಿಸಿತ್ತು. ಆದರೆ ಗಾಯಗೊಂಡವನಿಗೆ ಎಷ್ಟು ಭಾರ, ಎಷ್ಟು ಸಲ ಎಂಬುದನ್ನು ಅಂಕೆಗಳಲ್ಲಿ ಹೇಳುವ ಪದ್ಧತಿಯೊಂದು ಆಸ್ಪತ್ರೆಯೊಳಗಿನಿಂದಲೇ ಬರಬೇಕಾಗಿತ್ತು. ಅದಕ್ಕೆ ಯುದ್ಧವೊಂದು ನಿಮಿತ್ತವಾಯಿತು.

ಇದೇ ಎರಡನೆಯ ಸಂದರ್ಭ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಶಿಕಾಗೋ ನಗರದ ಗಾರ್ಡಿನರ್ ಸೈನಿಕ ಆಸ್ಪತ್ರೆಯು ಗಾಯಾಳುಗಳಿಂದ ತುಂಬಿಹೋಗಿತ್ತು. ಗಾಯ ಮಾಗಿದರೂ ತೊಡೆಯ ಬಲ ಮರಳದೆ ಯೋಧರು ತಿಂಗಳುಗಟ್ಟಲೆ ಹಾಸಿಗೆ ಬಿಡಲಾರದಿದ್ದರು. ಅಲ್ಲಿದ್ದ ತರುಣ ವೈದ್ಯ ಥಾಮಸ್ ಡಿಲಾರ್ಮ್ ಅವರು ಬಾಲ್ಯದಲ್ಲಿ ಸಂಧಿವಾತಜ್ವರದಿಂದ ನರಳಿ, ಬಳಿಕ ಭಾರ ಎತ್ತಿ ತಮ್ಮ ದೇಹವನ್ನು ತಾವೇ ಕಟ್ಟಿಕೊಂಡವರು. ಹಗುರವಾದ ಚಲನೆಯನ್ನು ನೂರಾರು ಸಲ ಮಾಡಿಸುವ ಅಂದಿನ ವಾಡಿಕೆಯನ್ನು ಬಿಟ್ಟು, ಅವರು ರೋಗಿಯ ಪಾದಕ್ಕೆ ಕಬ್ಬಿಣದ ಪಾದರಕ್ಷೆ ಕಟ್ಟಿ ಭಾರವನ್ನು ದಿನೇ ದಿನೇ ಹೆಚ್ಚಿಸಿದರು. ಫಲಿತಾಂಶವನ್ನು ೧೯೪೫ರಲ್ಲಿ ಪ್ರಕಟಿಸಿದರು. ೧೯೪೮ರಲ್ಲಿ ಸಹೋದ್ಯೋಗಿ ಆರ್ಥರ್ ವಾಟ್ಕಿನ್ಸ್ ಅವರೊಡನೆ ಆ ಕ್ರಮವನ್ನು ಸರಳಗೊಳಿಸಿದರು. ಮನುಷ್ಯನು ಹತ್ತು ಸಲ ಎತ್ತಬಲ್ಲ, ಹನ್ನೊಂದನೆಯ ಸಲ ಎತ್ತಲಾರದ ಭಾರವೇ ಮಾನ. ಮೊದಲ ಸುತ್ತಿನಲ್ಲಿ ಆ ಮಾನದ ಅರ್ಧ, ಎರಡನೆಯದರಲ್ಲಿ ಮುಕ್ಕಾಲು, ಮೂರನೆಯದರಲ್ಲಿ ಪೂರ್ಣ. ಪ್ರತಿ ಸುತ್ತಿಗೂ ಹತ್ತು ಸಲ. ಇಂದು ಊರೂರಿನ ವ್ಯಾಯಾಮಶಾಲೆಗಳಲ್ಲಿ ನಡೆಯುವ ಹತ್ತರ ಮೂರು ಸುತ್ತುಗಳ ವಾಡಿಕೆಗೆ ಮೂಲವು ಈ ಆಸ್ಪತ್ರೆಯ ಕ್ರಮದಲ್ಲಿದೆ. ಒಡೆದು ಬೇರೆಯಾಗಿದ್ದ ಗರಡಿಯೂ ಚಿಕಿತ್ಸಾಲಯವೂ ಇಲ್ಲಿ ಮತ್ತೆ ಕೂಡಿದವು.

ಆದರೆ ಡಿಲಾರ್ಮರ ಮುಖ್ಯ ಕೆಲಸ ನಡೆದದ್ದು ಮೊಣಕಾಲಿನ ಮೇಲೆ. ಬೆನ್ನಿನ ಪ್ರಶ್ನೆ ಹಾಗೆಯೇ ಉಳಿಯಿತು. ಅಷ್ಟೇ ಅಲ್ಲ, ಸ್ಪರ್ಧೆಗಳು ಅದನ್ನು ತೀವ್ರಗೊಳಿಸಿದವು. ಒಲಿಂಪಿಕ್ ಭಾರ ಎತ್ತುವಿಕೆಯಲ್ಲಿ ಭಾರವನ್ನು ನಿಂತು ತಲೆಯ ಮೇಲಕ್ಕೆ ಒತ್ತುವ ‘ಪ್ರೆಸ್’ ಎಂಬ ವಿಧಾನವಿತ್ತು. ಸ್ಪರ್ಧಾಳುಗಳು ಹಿಂದಕ್ಕೆ ಬಿಲ್ಲಿನಂತೆ ಬಾಗಿ ಎತ್ತತೊಡಗಿದ್ದರಿಂದ ತೀರ್ಪುಗಾರರಿಗೆ ನ್ಯಾಯ ಹೇಳುವುದು ಕಷ್ಟವಾಯಿತು, ಸೊಂಟಕ್ಕೂ ಅಪಾಯ ಹೆಚ್ಚಿತು. ೧೯೭೨ರ ಮ್ಯೂನಿಕ್ ಪಂದ್ಯಗಳ ಬಳಿಕ ಆ ವಿಧಾನವನ್ನು ಕೈಬಿಡಲಾಯಿತು. ಅದೇ ೧೯೭೨ರಲ್ಲಿ ಪವರ್‌ಲಿಫ್ಟಿಂಗಿನ ಅಂತರರಾಷ್ಟ್ರೀಯ ಒಕ್ಕೂಟವು ಹುಟ್ಟಿತು. ಇದರ ಮೂರು ವಿಧಾನಗಳಲ್ಲಿ ಎರಡು ನೇರವಾಗಿ ಬೆನ್ನಿನ ಮೇಲೆ ಬೀಳುವಂಥವು: ಭಾರ ಹೊತ್ತು ಹೊಡೆಯುವ ಬಸ್ಕಿ, ಮತ್ತು ನೆಲದ ಭಾರವನ್ನು ಹಿಡಿದು ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್.

ಮೂರನೆಯ ಸಂದರ್ಭ ಈ ಕ್ರೀಡೆಯದು. ಅಮೆರಿಕದ ಓಹಾಯೋ ರಾಜ್ಯದ ಲೂಯಿ ಸಿಮನ್ಸ್ ಅವರು ೧೯೭೩ರಲ್ಲಿ ಸಾಧನೆಯಲ್ಲಿ ತೊಡಗಿದ್ದಾಗ ಸೊಂಟದ ಐದನೆಯ ಮಣಿ ಮುರಿಯಿತು. ಅವರಿಗೆ ಆಗ ಇಪ್ಪತ್ತೈದರ ಆಸುಪಾಸಿನ ವಯಸ್ಸು. ಚೇತರಿಸಿಕೊಂಡು ಸ್ಪರ್ಧೆಗೆ ಮರಳಿದ ಅವರ ಬೆನ್ನಿಗೆ ೧೯೮೩ರಲ್ಲಿ ಮತ್ತೆ ಭಾರಿ ಪೆಟ್ಟಾಯಿತು. ಮಣಿಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯನ್ನು ಅವರು ಒಪ್ಪಲಿಲ್ಲ. ಎತ್ತರವಾದ ಮೇಜಿನ ಮೇಲೆ ಎದೆಯೂರಿ ಮಲಗಿ, ಕೆಳಕ್ಕೆ ಜೋತುಬಿದ್ದ ಕಾಲುಗಳಿಗೆ ಭಾರ ಕಟ್ಟಿ, ಗಡಿಯಾರದ ಲೋಲಕದಂತೆ ಹಿಂದಕ್ಕೆತ್ತಿ ಇಳಿಸುವ ಉಪಕರಣವೊಂದನ್ನು ರೂಪಿಸಿದರು. ಬೆನ್ನಿನ ಸ್ನಾಯುಗಳು ದುಡಿಯುತ್ತವೆ, ಆದರೆ ಹೆಗಲ ಮೇಲಿನಿಂದ ಭಾರವು ಮಣಿಗಳನ್ನು ಅದುಮುವುದಿಲ್ಲ ಎಂಬುದು ಅದರ ತತ್ತ್ವ. ಐವತ್ತು ದಾಟಿದ ಮೇಲೆ ಅವರು ೯೦೦ ಪೌಂಡಿಗೂ ಹೆಚ್ಚು ಭಾರ ಹೊತ್ತು ಬಸ್ಕಿ ಹೊಡೆದರು. ೨೦೨೨ರಲ್ಲಿ ನಿಧನರಾದರು.

ಉಪಕರಣಕ್ಕಿಂತಲೂ ಅವರು ಬದಲಿಸಿದ ದಿನಚರಿಯು ಚರಿತ್ರಕಾರನಿಗೆ ಮುಖ್ಯ. ಸೋವಿಯತ್ ತರಬೇತುದಾರರ ಬರಹಗಳನ್ನು ಅವರು ಶ್ರದ್ಧೆಯಿಂದ ಓದಿದರು. ಆ ಪೈಕಿ ಎ. ಎಸ್. ಪ್ರಿಲೆಪಿನ್ನರ ಕೋಷ್ಟಕವು ಪ್ರಸಿದ್ಧವಾದದ್ದು. ಭಾರವು ಗರಿಷ್ಠಕ್ಕೆ ಸಮೀಪಿಸಿದಂತೆ ಎತ್ತುವ ಸಂಖ್ಯೆ ಕುಗ್ಗಬೇಕೆಂದು ಅದು ತೋರಿಸುತ್ತದೆ. ಇದನ್ನು ಆಧರಿಸಿ ಸಿಮನ್ಸ್ ಅವರು ವಾರಕ್ಕೆ ನಾಲ್ಕು ದಿನಗಳ ಕ್ರಮವನ್ನು ಏರ್ಪಡಿಸಿದರು. ಕಾಲು ಮತ್ತು ಬೆನ್ನಿಗೆ ಎರಡು ದಿನ, ಎದೆ ಮತ್ತು ತೋಳಿಗೆ ಎರಡು ದಿನ. ಪ್ರತಿ ಜೋಡಿಯಲ್ಲಿ ಒಂದು ದಿನ ಪೂರ್ಣಬಲದ್ದು. ಅದರಲ್ಲಿಯೂ ಎತ್ತುವ ವಿಧಾನವನ್ನು ಆಗಾಗ ಬದಲಿಸಬೇಕು. ಸುಮಾರು ೭೨ ಗಂಟೆಗಳ ಬಳಿಕ ಬರುವ ಇನ್ನೊಂದು ದಿನ, ಬಸ್ಕಿಯಲ್ಲಿ ಗರಿಷ್ಠದ ಶೇಕಡಾ ೫೦ರಿಂದ ೬೦ರಷ್ಟು ಭಾರವನ್ನು ಮಾತ್ರ ಹೊತ್ತು, ಎರಡೆರಡು ಸಲದಂತೆ ಎಂಟರಿಂದ ಹನ್ನೆರಡು ಸುತ್ತು, ಆದಷ್ಟು ವೇಗವಾಗಿ ಏಳಬೇಕು. ಎರಡು ಸಲ ಬೆನ್ನು ಕಳೆದುಕೊಂಡವನು ಕಂಡುಕೊಂಡ ದಾರಿಯಲ್ಲಿಯೂ ಅರ್ಧವು ಹೀಗೆ ಮರಳಿ ಬಂದಿತು.

ಇತ್ತ ವೈದ್ಯಕೀಯವೂ ತನ್ನ ಹಾಸಿಗೆಯನ್ನು ಪರೀಕ್ಷೆಗೆ ಒಡ್ಡಿತು. ೧೯೮೬ರಲ್ಲಿ ರಿಚರ್ಡ್ ಡೇಯೋ ಮತ್ತು ಸಂಗಡಿಗರು ಬೆನ್ನುನೋವಿನ ೨೦೩ ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿ ಹೋಲಿಸಿ ನೋಡಿದರು. ಎರಡು ದಿನದ ಸಲಹೆ ಪಡೆದವರು ಕೆಲಸಕ್ಕೆ ತಪ್ಪಿಸಿಕೊಂಡ ದಿನಗಳು ಶೇಕಡಾ ೪೫ರಷ್ಟು ಕಡಿಮೆಯಾಗಿದ್ದವು. ಉಳಿದ ವಿಷಯಗಳಲ್ಲಿ ಅವರಿಗೆ ಏನೂ ನಷ್ಟವಾಗಿರಲಿಲ್ಲ. ೧೯೯೫ರಲ್ಲಿ ಹೆಲ್ಸಿಂಕಿ ನಗರದ ನೌಕರರನ್ನು ಕುರಿತು ನಡೆದ ಪರೀಕ್ಷೆಯಲ್ಲಿ, ನೋವು ತಾಳುವಷ್ಟು ಮಟ್ಟಿಗೆ ನಿತ್ಯದ ಕೆಲಸ ಮುಂದುವರಿಸಿದವರು ಎಲ್ಲರಿಗಿಂತ ಬೇಗ ಗುಣ ಹೊಂದಿದರು. ಮಲಗಿದವರು ಎಲ್ಲರಿಗಿಂತ ತಡವಾಗಿ. ನೊಂದ ಕೂಡಲೇ ವಿಶೇಷ ವ್ಯಾಯಾಮಕ್ಕೆ ತೊಡಗಿದವರೂ ನಿತ್ಯಕರ್ಮ ನಡೆಸಿದವರನ್ನು ಮೀರಿಸಲಿಲ್ಲ ಎಂಬುದನ್ನು ಉತ್ಸಾಹಿಗಳು ಗಮನಿಸಬೇಕು. ಶೂನ್ಯವೂ ಮದ್ದಲ್ಲ, ಆತುರವೂ ಮದ್ದಲ್ಲ.

ಈ ಎರಡು ಧಾರೆಗಳು ಇತ್ತೀಚೆಗೆ ಒಬ್ಬನ ದೇಹದಲ್ಲಿ ಕೂಡಿದವು. ಅಮೆರಿಕದ ಬ್ರಯನ್ ಕ್ಯಾರಲ್ ಅವರ ತ್ರಿಕಾಸ್ಥಿ ಸೀಳಿ, ಸೊಂಟದ ಕೆಳಗಣ ಮಣಿಗಳು ಜಜ್ಜಿಹೋಗಿದ್ದವು. ೨೦೧೩ರಲ್ಲಿ ಅವರು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಟುವರ್ಟ್ ಮ್ಯಾಕ್‌ಗಿಲ್ ಅವರನ್ನು ಕಂಡರು. ಮೊದಲ ಆಜ್ಞೆ ಭಾರ ಬಿಡಬೇಕೆಂಬುದು, ಆದರೆ ಮಲಗಬೇಕೆಂದಲ್ಲ. ನೋವನ್ನು ಕೆಣಕುವ ಚಲನೆ ಯಾವುದೆಂದು ಗುರುತಿಸಿ ಅದನ್ನು ವರ್ಜಿಸುವುದು, ರಾತ್ರಿಯಿಡೀ ನೀರು ಹೀರಿ ಉಬ್ಬಿರುವ ಡಿಸ್ಕುಗಳನ್ನು ಬೆಳಗ್ಗೆ ಎದ್ದೊಡನೆ ಬಗ್ಗಿಸದಿರುವುದು, ನಡೆಯುವುದು, ಬೆನ್ನನ್ನು ಬಾಗಿಸದೆ ನಡುವನ್ನು ಗಟ್ಟಿಗೊಳಿಸುವ ಮೂರು ಸಾಧಾರಣ ಭಂಗಿಗಳು: ಇಷ್ಟೇ ಔಷಧ. ಸಾವಿರ ಪೌಂಡು ಹೊತ್ತವನಿಗೆ ಇದು ಅವಮಾನವೆನಿಸಬಹುದಾದಷ್ಟು ಅಲ್ಪ. ಆ ಅಲ್ಪವನ್ನು ಅವರು ಸಹಿಸಿದರು. ಮೂಳೆ ಕೂಡಿದ ಮೇಲೆ ಭಾರವು ಮೆಟ್ಟಲು ಮೆಟ್ಟಲಾಗಿ ಮರಳಿತು. ಇಬ್ಬರೂ ಕೂಡಿ ಬರೆದ ಇದರ ವೃತ್ತಾಂತವು ೨೦೧೭ರಲ್ಲಿ ಪ್ರಕಟವಾಯಿತು. ೨೦೨೦ರ ಅಕ್ಟೋಬರಿನಲ್ಲಿ ಕ್ಯಾರಲ್ ಅವರು ಆಧಾರ ಕೊಡುವ ಬಿಗಿಯುಡುಪು ಧರಿಸಿ ೫೯೨ ಕಿಲೋ ಹೊತ್ತು ಬಸ್ಕಿ ಹೊಡೆದರು.

ಇಂಥ ಕಥೆಯನ್ನು ಓದುವಾಗ ಒಂದು ಎಚ್ಚರ ಅವಶ್ಯಕ. ಮರಳಿದವರ ಹೆಸರು ದಾಖಲೆಯಲ್ಲಿದೆ. ಮರಳದವರು ಮೌನವಾಗಿ ಮರೆಯಾದರು. ಒಬ್ಬನ ವಿಜಯವು ಎಲ್ಲರಿಗೂ ಚೀಟಿಯಲ್ಲ. ಹಾಗೆಯೇ ಸುಶ್ರುತನ ಅರ್ಧ, ಡಿಲಾರ್ಮರ ಅರ್ಧ, ಸಿಮನ್ಸರ ಅರ್ಧ ಇವನ್ನು ಒಂದೇ ಎನ್ನುವುದು ಪಾಂಡಿತ್ಯವಾಗದು. ಒಂದು ಉಸಿರಿನ ಅರ್ಧ, ಒಂದು ಹತ್ತು ಸಲದ ಭಾರದ ಅರ್ಧ, ಇನ್ನೊಂದು ಒಂದೇ ಸಲದ ಗರಿಷ್ಠದ ಅರ್ಧ. ಮೊದಲಿನದು ದಿನದ ಕೊನೆಯ ಗೆರೆ; ಎರಡನೆಯದು ಪೂರ್ಣಕ್ಕೆ ಏರುವ ಮೊದಲ ಮೆಟ್ಟಲು; ಮೂರನೆಯದು ಎರಡು ಪೂರ್ಣಗಳ ನಡುವಣ ಬಿಡುವು. ಪುರಾತನರು ಎಲ್ಲವನ್ನೂ ಮೊದಲೇ ಕಂಡಿದ್ದರೆಂದು ಹೆಮ್ಮೆಪಡಲು ಇಲ್ಲಿ ಆಧಾರವಿಲ್ಲ. ಅವರು ಕಂಡದ್ದನ್ನು ಅಲ್ಲಗಳೆಯಲೂ ಕಾರಣವಿಲ್ಲ.

ಮೂರಕ್ಕೂ ಸಮಾನವಾದ ಅಂಶ ಇಷ್ಟು: ಬಲವನ್ನು ಬಲ್ಲವನು ಅದನ್ನು ಪ್ರತಿದಿನವೂ ಪೂರ್ತಿಯಾಗಿ ಖರ್ಚು ಮಾಡುವುದಿಲ್ಲ, ಹೆದರಿ ಪೂರ್ತಿಯಾಗಿ ಕಟ್ಟಿಯೂ ಇಡುವುದಿಲ್ಲ. ಹೊಲ ಗದ್ದೆಗಳನ್ನು ಬಿಟ್ಟು ಬಂದು ದೂರದ ನಗರಗಳಲ್ಲಿ ಮೇಜಿನ ಮುಂದೆ ದಿನಗಳೆಯುವವರ ಬೆನ್ನು ಕಲ್ಲು ಎತ್ತಿ ನೋಯುವುದಲ್ಲ, ಏನನ್ನೂ ಎತ್ತದೆ ನೋಯುವಂಥದು. ಸಿಂಹ ಆನೆಯನ್ನು ಎಳೆಯಬಾರದೆಂಬುದು ನಿಜ. ಹಾಗೆಂದು ಅದು ಗವಿಯಲ್ಲಿಯೇ ಮಲಗಿರಬೇಕೆಂದು ಯಾವ ಶಾಸ್ತ್ರಕಾರನೂ ಹೇಳಲಿಲ್ಲ.