ಇಂಗ್ಲಿಷ್‌ನ ಪೂರ್ಣ ವರ್ತಮಾನಕಾಲ ಮತ್ತು ಸರಳ ಭೂತಕಾಲ

ಪೂರ್ಣ ವರ್ತಮಾನಕಾಲ ಮತ್ತು ಸರಳ ಭೂತಕಾಲಗಳು ಹಿಂದೆ ನಡೆದ ಸಂಗತಿಯನ್ನು ತಿಳಿಸಲು ಇಂಗ್ಲಿಷ್ ಭಾಷೆಯಲ್ಲಿ ಬಳಸುವ ಎರಡು ಕ್ರಿಯಾರೂಪಗಳು. ಇವನ್ನು ಕ್ರಮವಾಗಿ 'ಪ್ರೆಸೆಂಟ್ ಪರ್ಫೆಕ್ಟ್' ಮತ್ತು 'ಸಿಂಪಲ್ ಪಾಸ್ಟ್' ಎಂದು ಕರೆಯುತ್ತಾರೆ. ಇವೆರಡರ ಆಯ್ಕೆಯು ಘಟನೆ ಎಷ್ಟು ಹಿಂದೆ ನಡೆಯಿತು ಎಂಬುದನ್ನು ಅವಲಂಬಿಸಿಲ್ಲ. ಮಾತನಾಡುವವರು ಆ ಘಟನೆಯನ್ನು ಮುಗಿದ ಕಾಲಘಟ್ಟವೊಂದರಲ್ಲಿ ಇರಿಸುತ್ತಾರೆಯೇ ಅಥವಾ ಪ್ರಸ್ತುತದೊಂದಿಗೆ ಸಂಬಂಧಿಸಿ ನೋಡುತ್ತಾರೆಯೇ ಎಂಬುದೇ ಇಲ್ಲಿ ಮುಖ್ಯವಾಗುತ್ತದೆ.

ರಚನೆ

ಸರಳ ಭೂತಕಾಲದಲ್ಲಿ ಕ್ರಿಯಾಪದವು ಒಂದೇ ಪದವಾಗಿರುತ್ತದೆ: 'ವಾಕ್' ಎಂಬುದು 'ವಾಕ್ಡ್' ಎಂದೂ 'ಗೋ' ಎಂಬುದು 'ವೆಂಟ್' ಎಂದೂ ಆಗುತ್ತದೆ. ನಿಷೇಧ ಮತ್ತು ಪ್ರಶ್ನೆಗಳಲ್ಲಿ 'ಡಿಡ್' ಸೇರಿ, ಕ್ರಿಯಾಪದವು ಮೂಲರೂಪಕ್ಕೆ ಮರಳುತ್ತದೆ. ಪೂರ್ಣ ವರ್ತಮಾನಕಾಲದಲ್ಲಿ 'ಹ್ಯಾವ್' ಅಥವಾ 'ಹ್ಯಾಸ್' ಎಂಬ ಸಹಾಯಕ ಕ್ರಿಯಾಪದದ ಮುಂದೆ ಭೂತಕೃದಂತ ಬರುತ್ತದೆ: 'ಹ್ಯಾವ್ ವಾಕ್ಡ್', 'ಹ್ಯಾಸ್ ಗಾನ್'. ನಿಯಮಿತ ಕ್ರಿಯಾಪದಗಳಲ್ಲಿ ಭೂತರೂಪವೂ ಕೃದಂತವೂ ಒಂದೇ ಆಗಿದ್ದು, 'ಸಾ' ಮತ್ತು 'ಸೀನ್'ನಂತಹ ಅನಿಯಮಿತ ರೂಪಗಳಲ್ಲಿ ಬೇರೆಯಾಗಿರಬಹುದು.

ಬಳಕೆ

ಕಾಲವನ್ನು ಗೊತ್ತುಮಾಡುವ 'ಯೆಸ್ಟರ್‌ಡೇ', 'ಲಾಸ್ಟ್ ಇಯರ್', 'ಟೂ ಡೇಸ್ ಅಗೋ', 'ಇನ್ 1947' ಮುಂತಾದ ಪದಗಳಿದ್ದಾಗ ಸರಳ ಭೂತಕಾಲವನ್ನೇ ಬಳಸಬೇಕು. ಘಟನೆ ನಡೆದ ಸಮಯವನ್ನು 'ವೆನ್' ಎಂದು ಕೇಳುವಾಗಲೂ ಇದೇ ನಿಯಮ. ಕಥೆ ಮತ್ತು ಚರಿತ್ರೆಯ ನಿರೂಪಣೆಯಲ್ಲಿ ಘಟನೆಗಳು ಸಾಮಾನ್ಯವಾಗಿ ಈ ರೂಪದಲ್ಲಿಯೇ ಸಾಗುತ್ತವೆ.

ಪೂರ್ಣ ವರ್ತಮಾನಕಾಲದ ನಾಲ್ಕು ಬಳಕೆಗಳನ್ನು ಭಾಷಾವಿಜ್ಞಾನಿ ಬರ್ನಾರ್ಡ್ ಕಾಮ್ರಿ 1976ರ 'ಆಸ್ಪೆಕ್ಟ್' ಗ್ರಂಥದಲ್ಲಿ ವಿಂಗಡಿಸಿದ್ದಾರೆ:

• ಫಲಿತಾಂಶ: 'ಶೀ ಹ್ಯಾಸ್ ಬ್ರೋಕನ್ ಹರ್ ಆರ್ಮ್'. ಮುರಿದ ತೋಳು ಇನ್ನೂ ಕೂಡಿಲ್ಲ ಎಂಬ ಸೂಚನೆ ಇದರಲ್ಲಿದೆ.
• ಅನುಭವ: 'ಐ ಹ್ಯಾವ್ ಸೀನ್ ಸ್ನೋ'. ಯಾವಾಗ ಎಂಬುದು ಅಪ್ರಸ್ತುತ; ಒಮ್ಮೆಯಾದರೂ ನೋಡಿದ್ದು ಮುಖ್ಯ.
• ಮುಂದುವರಿಕೆ: 'ವಿ ಹ್ಯಾವ್ ಲಿವ್ಡ್ ಹಿಯರ್ ಸಿನ್ಸ್ 2010'. ವಾಸ ಈಗಲೂ ನಡೆದಿದೆ.
• ಸಮೀಪ ಭೂತ: 'ದಿ ಟ್ರೈನ್ ಹ್ಯಾಸ್ ಜಸ್ಟ್ ಅರೈವ್ಡ್'.

ಕೆಲವು ಕಾಲಸೂಚಕಗಳು ಸಂದರ್ಭಕ್ಕೆ ತಕ್ಕಂತೆ ಎರಡೂ ರೂಪಗಳೊಡನೆ ಬರುತ್ತವೆ. ಬೆಳಿಗ್ಗೆ ಹತ್ತು ಗಂಟೆಗೆ 'ಹ್ಯಾವ್ ಯು ಸೀನ್ ಹಿಮ್ ದಿಸ್ ಮಾರ್ನಿಂಗ್?' ಎಂದು ಕೇಳಬಹುದು. ಮಧ್ಯಾಹ್ನ ಕಳೆದ ಮೇಲೆ 'ಡಿಡ್ ಯು ಸೀ ಹಿಮ್ ದಿಸ್ ಮಾರ್ನಿಂಗ್?' ಎಂಬುದೇ ಸಹಜ, ಏಕೆಂದರೆ ಆ ಬೆಳಗು ಮುಗಿದಿದೆ.

ಸೈದ್ಧಾಂತಿಕ ವಿವರಣೆ

ತತ್ತ್ವಶಾಸ್ತ್ರಜ್ಞ ಹಾನ್ಸ್ ರೈಕೆನ್‌ಬಾಖ್ 1947ರಲ್ಲಿ ಕಾಲರೂಪಗಳನ್ನು ಮೂರು ಬಿಂದುಗಳ ಮೂಲಕ ವಿವರಿಸಿದರು: ಘಟನೆಯ ಬಿಂದು, ಮಾತಿನ ಬಿಂದು ಮತ್ತು ಘಟನೆಯನ್ನು ನೋಡುವ ನೆಲೆಯಾದ ಉಲ್ಲೇಖಬಿಂದು. ಎರಡೂ ರೂಪಗಳಲ್ಲಿ ಘಟನೆಯು ಮಾತಿಗಿಂತ ಹಿಂದಿನದು. ಸರಳ ಭೂತಕಾಲದಲ್ಲಿ ಉಲ್ಲೇಖಬಿಂದು ಘಟನೆಯೊಂದಿಗೆ ಸೇರಿದರೆ, ಪೂರ್ಣ ವರ್ತಮಾನಕಾಲದಲ್ಲಿ ಅದು ಮಾತಿನ ಕ್ಷಣದೊಂದಿಗೆ ಸೇರುತ್ತದೆ. ಆದರೂ 'ಯೆಸ್ಟರ್‌ಡೇ'ಯಂತಹ ಪದಗಳು ಪೂರ್ಣ ವರ್ತಮಾನದೊಡನೆ ಏಕೆ ಹೊಂದುವುದಿಲ್ಲ ಎಂಬುದು ಚರ್ಚೆಯ ವಿಷಯವಾಗಿ ಉಳಿದಿದೆ. 1992ರಲ್ಲಿ ವೋಲ್ಫ್‌ಗಾಂಗ್ ಕ್ಲೈನ್ ಇದನ್ನು ಒಂದು ಒಗಟೆಂದೇ ಕರೆದು ಲೇಖನ ಬರೆದರು.

ಚರಿತ್ರೆ ಮತ್ತು ಪ್ರಾದೇಶಿಕ ಭೇದ

ಪ್ರಾಚೀನ ಇಂಗ್ಲಿಷ್‌ನಲ್ಲಿ 'ಹ್ಯಾವ್' ಸ್ವಾಮ್ಯವನ್ನು ಸೂಚಿಸುತ್ತಿತ್ತು. 'ನನ್ನ ಬಳಿ ಬರೆದ ಪತ್ರವಿದೆ' ಎಂಬಂತಹ ರಚನೆಯೇ ಕ್ರಮೇಣ 'ನಾನು ಪತ್ರ ಬರೆದಿದ್ದೇನೆ' ಎಂಬ ಅರ್ಥವನ್ನು ಪಡೆಯಿತು. ಸೋದರಭಾಷೆಯಾದ ಜರ್ಮನ್‌ನ ಆಡುಮಾತಿನಲ್ಲಿ ಇದಕ್ಕೆ ಸಂವಾದಿಯಾದ ರೂಪವು 'ನಿನ್ನೆ' ಎಂಬ ಪದದೊಡನೆಯೂ ನಿರಾತಂಕವಾಗಿ ಬರುತ್ತದೆ.

'ಜಸ್ಟ್', 'ಆಲ್‌ರೆಡಿ', 'ಯೆಟ್' ಪದಗಳೊಡನೆ ಬ್ರಿಟಿಷ್ ಇಂಗ್ಲಿಷ್ ಸಾಮಾನ್ಯವಾಗಿ ಪೂರ್ಣ ವರ್ತಮಾನವನ್ನು ಬಳಸುತ್ತದೆ. ಅಮೆರಿಕನ್ ಇಂಗ್ಲಿಷ್‌ನಲ್ಲಿ 'ಡಿಡ್ ಯು ಈಟ್ ಯೆಟ್?' ಎಂಬ ಭೂತರೂಪವೂ ರೂಢಿಯಲ್ಲಿದೆ.

ಕನ್ನಡದೊಂದಿಗೆ ಹೋಲಿಕೆ

ಕನ್ನಡದಲ್ಲಿಯೂ 'ಬಂದನು' ಮತ್ತು 'ಬಂದಿದ್ದಾನೆ' ಎಂಬ ಎರಡು ರೂಪಗಳಿವೆ. ಎರಡನೆಯದು ಭೂತಕಾಲದ ಕೃದಂತಕ್ಕೆ 'ಇರು' ಧಾತು ಸೇರಿ ಆದದ್ದು. ಆದರೆ 'ಅವನು ನಿನ್ನೆ ಬಂದಿದ್ದಾನೆ' ಎಂಬ ವಾಕ್ಯ ಕನ್ನಡದಲ್ಲಿ ಶುದ್ಧವಾಗಿದ್ದು, ಅದರ ನೇರ ಅನುಕರಣೆಯಾದ 'ಹಿ ಹ್ಯಾಸ್ ಕಮ್ ಯೆಸ್ಟರ್‌ಡೇ' ಶಿಷ್ಟ ಇಂಗ್ಲಿಷ್‌ನಲ್ಲಿ ತಪ್ಪಾಗುತ್ತದೆ. ಹಾಗೆಯೇ 'ಹತ್ತು ವರ್ಷಗಳಿಂದ ಇಲ್ಲಿದ್ದೇನೆ' ಎಂದು ಕನ್ನಡವು ವರ್ತಮಾನದಲ್ಲಿ ಹೇಳುವುದನ್ನು ಇಂಗ್ಲಿಷ್ 'ಐ ಹ್ಯಾವ್ ಬೀನ್ ಹಿಯರ್ ಫಾರ್ ಟೆನ್ ಇಯರ್ಸ್' ಎನ್ನುತ್ತದೆ. ಹೊರಡುವ ಮುನ್ನವೇ 'ಇದೋ ಬಂದೆ' ಎನ್ನುವ ಕನ್ನಡದ ರೂಢಿಗೆ ಇಂಗ್ಲಿಷ್‌ನಲ್ಲಿ ಭೂತರೂಪ ಹೊಂದುವುದಿಲ್ಲ. ಅಲ್ಲಿ 'ಐ ಆಮ್ ಕಮಿಂಗ್' ಎನ್ನಬೇಕು.

ಉದ್ಯೋಗದ ಅರ್ಜಿಗಳಲ್ಲಿ ಈ ಭೇದವು ಅರ್ಥವನ್ನೇ ಬದಲಿಸುತ್ತದೆ. 'ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್' ಎಂದರೆ ಆ ಕೆಲಸ ಬಿಟ್ಟಾಗಿದೆ ಎಂದು ಓದುಗರು ಭಾವಿಸುತ್ತಾರೆ. 'ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್' ಎಂದರೆ ಕೆಲಸ ಮುಂದುವರಿದಿದೆ. ಪದವಿ ಪಡೆದ ವರ್ಷವನ್ನು ನಮೂದಿಸುವಾಗ 'ಐ ಪಾಸ್ಡ್ ಬಿ.ಎ. ಇನ್ 2015' ಎಂಬುದು ಸರಿಯಾದ ರೂಪ. ವರ್ಷವನ್ನು ಹೇಳದಿದ್ದಲ್ಲಿ 'ಐ ಹ್ಯಾವ್ ಪಾಸ್ಡ್ ಬಿ.ಎ.' ಎನ್ನಬಹುದು.